ಟೂರ್ನಮೆಂಟ್‌ಗೆ ಕಾರೋ-ಕಾನ್ ರೆಡಿ ಮಾಡ್ಕೊಳ್ಳೋದು ಹೇಗೆ

ಚೆಸ್‌ನಲ್ಲಿ ರೇಟೆಡ್ ಟೂರ್ನಮೆಂಟ್ ಆಡೋಕೆ ಹೊಸದಾಗಿ ಇಳಿದೋರಿಗೆ ಜಾಸ್ತಿ ತಲೆನೋವು ಕೊಡೋದು ಕಪ್ಪು ಕಾಯಿ. ಬಿಳಿ ಬಂದ್ರೆ ಏನೋ ಒಂದು ನಮ್ಮಿಷ್ಟದ್ದು ಶುರು ಮಾಡ್ಬಹುದು, ಕಪ್ಪಲ್ಲಿ ಹಾಗಿಲ್ಲ, ಎದುರಿನವರು ಇ4 ಅಂತ ಪಾನ್ ತಳ್ಳಿ ಗಡಿಯಾರ ಒತ್ತಿದ ಕೂಡ್ಲೇ ನಮ್ಮತ್ರ ಒಂದು ಉತ್ತರ ಇರ್ಬೇಕು, ಅದೂ ಹತ್ತು ಹನ್ನೆರಡು ನಡೆ ಆದ್ಮೇಲೂ ನಮಗೆ ಅರ್ಥ ಆಗೋ ಪೊಸಿಷನ್‌ಗೆ ಕರ್ಕೊಂಡು ಹೋಗೋ ಉತ್ತರ. ಸಿಸಿಲಿಯನ್ ಕಲಿರಿ ಅಂತ ಹೇಳೋರು ಬೇಕಾದಷ್ಟು ಜನ ಇದಾರೆ, ಕಲಿಬಹುದು, ಆದ್ರೆ ಕೆಲಸ, ಓದು ಎಲ್ಲಾ ಇಟ್ಕೊಂಡು ವಾರಕ್ಕೆ ನಾಲ್ಕೈದು ಗಂಟೆ ಸಿಗೋರಿಗೆ ಅದರ ಥಿಯರಿ ಮುಗಿಯೋದೇ ಇಲ್ಲ. ನಾನು ಹೇಳೋದು ಕಾರೋ-ಕಾನ್, ಇ4ಗೆ ಸಿ6 ಅಂತ ಉತ್ತರ ಕೊಡೋ ಓಪನಿಂಗ್. ಬೋರು, ಡ್ರಾ ಓಪನಿಂಗ್ ಅಂತ ಇದಕ್ಕೊಂದು ಹೆಸರಿದೆ, ಬೋರು ಅನ್ನೋರು ಅಡ್ವಾನ್ಸ್ ವೇರಿಯೇಷನ್‌ನಲ್ಲಿ (ಬಿಳಿ ಇ5 ತಳ್ಳೋ ಲೈನು, ಮುಂದೆ ಬರತ್ತೆ) ಜಿ4 ತಿಂದಿರಲ್ಲ ಅಷ್ಟೇ.

ನೊಟೇಷನ್ ಬಗ್ಗೆ ಒಂದು ಮಾತು. ಇಲ್ಲಿ ಮನೆಗಳ ಹೆಸರನ್ನ ಎ1, ಇ4, ಎಚ್8 ಅಂತ ಕನ್ನಡದಲ್ಲೇ ಬರೀತೀನಿ, ಪಾನ್ ಆದ್ರೆ ಬರೀ ಮನೆ ಹೆಸರು, ಬೇರೆ ಕಾಯಿ ಆದ್ರೆ ಕಾಯಿ ಹೆಸರು ಸೇರಿಸಿ. ನಂಬರ್ ಆದ್ಮೇಲೆ ಮೊದಲು ಬಿಳಿ ನಡೆ, ಆಮೇಲೆ ಕಪ್ಪು ನಡೆ, ಕಪ್ಪಿನ ನಡೆ ಒಂದನ್ನೇ ಹೇಳುವಾಗಲೂ ಅದೇ ನಂಬರ್ ಹಾಕಿದೀನಿ. ಒಂದು ಬೋರ್ಡ್ ಮುಂದೆ ಇಟ್ಕೊಂಡು ಓದಿ, ಬರೀ ಕಣ್ಣಲ್ಲಿ ಓದಿದ್ರೆ ಅರ್ಧ ತಲೆಗೆ ಹೋಗಲ್ಲ.

ಶುರು ಆಗೋದು ಹೀಗೆ: 1. ಇ4 ಸಿ6 2. ಡಿ4 ಡಿ5. ಹೊರೇಶಿಯೋ ಕಾರೋ, ಮಾರ್ಕಸ್ ಕಾನ್ ಅನ್ನೋ ಇಬ್ಬರು 1886ರಲ್ಲಿ ಇದರ ಅನಾಲಿಸಿಸ್ ಪ್ರಕಟಿಸಿದ್ರು, ಹೆಸರು ಅಲ್ಲಿಂದ ಬಂದಿದ್ದು. ಆಮೇಲೆ ಕ್ಯಾಪಬ್ಲಾಂಕಾ, ಬಾಟ್ವಿನ್ನಿಕ್, ಪೆಟ್ರೋಸಿಯನ್, ಕಾರ್ಪೋವ್ ಇವರೆಲ್ಲಾ ಆಡಿದಾರೆ, ಎಲ್ಲರೂ ವಿಶ್ವ ಚಾಂಪಿಯನ್‌ಗಳೇ, ಎಲ್ಲರೂ ಗಟ್ಟಿಯಾಗಿ ಕೂತು ಆಡೋ ಜಾತಿ. ಐಡಿಯಾ ಸರಳ. ಡಿ5ನಲ್ಲಿ ಪಾನ್ ಇಟ್ಟು ಸೆಂಟರ್‌ಗೆ ಕೈ ಹಾಕ್ಬೇಕು, ಅದಕ್ಕೆ ಹಿಂದಿಂದ ಸಪೋರ್ಟ್ ಬೇಕು. ಫ್ರೆಂಚ್ ಡಿಫೆನ್ಸ್‌ನಲ್ಲಿ ಆ ಸಪೋರ್ಟ್ ಇ6 ಕೊಡತ್ತೆ, ಆದ್ರೆ ಸಿ8 ಬಿಷಪ್ ಒಳಗೇ ಸಿಕ್ಕಾಕೊಂಡು ಗೇಮ್ ಪೂರ್ತಿ ಕೊರಗತ್ತೆ. ಇಲ್ಲಿ ಸಿ6 ಸಪೋರ್ಟ್ ಕೊಡೋದ್ರಿಂದ ಆ ಬಿಷಪ್‌ಗೆ ದಾರಿ ತೆರೆದೇ ಇರತ್ತೆ. ಪುಕ್ಕಟೆ ಏನಲ್ಲ, ಬಿ8 ಕುದುರೆಗೆ ಒಳ್ಳೆ ಮನೆ ಸಿ6, ಅಲ್ಲಿ ಪಾನ್ ಕೂತಿದೆ, ಮತ್ತೆ ಮುಂದೆ ಸಿ5 ಮಾಡ್ಬೇಕು ಅಂದಾಗ ಒಂದೇ ಪಾನ್‌ಗೆ ಎರಡು ನಡೆ ಖರ್ಚು. ಈ ಲೆಕ್ಕ ತಲೇಲಿ ಇರ್ಲಿ, ಯಾಕಂದ್ರೆ ಬಿಳಿ ಆಡೋ ಎಲ್ಲಾ ವೇರಿಯೇಷನ್ನೂ ಈ ಒಂದು ನಡೆಯ ನಷ್ಟಾನ ಉಪಯೋಗಿಸ್ಕೊಳ್ಳೋ ಪ್ರಯತ್ನಾನೇ.

ನಡೆ ಬಾಯಿಪಾಠ ಮಾಡೋಕೆ ಮುಂಚೆ ಪಾನ್ ಚಿತ್ರ ನೋಡ್ಕೊಳಿ

ಬಹಳ ಜನ ಓಪನಿಂಗ್ ಕಲಿಯೋದು ವೇರಿಯೇಷನ್‌ಗಳ ಪಟ್ಟಿ ಇಟ್ಕೊಂಡು, ಹದಿನೈದನೇ ನಡೆ ತನಕ ಉರು ಹೊಡೆದು. ಟೂರ್ನಮೆಂಟ್‌ನಲ್ಲಿ ಎದುರಿನವರು ಐದನೇ ನಡೆಗೇ ಪುಸ್ತಕ ಬಿಟ್ಟು ಹೋಗ್ತಾರೆ, ಆಗ ಉರು ಹೊಡೆದಿದ್ದು ಪೂರ್ತಿ ವೇಸ್ಟ್. ಅದರ ಬದಲು ಹೀಗ್ ಮಾಡಿ: ಬೋರ್ಡ್‌ನಲ್ಲಿ ಬರೀ ಪಾನ್‌ಗಳನ್ನ ಮಾತ್ರ ಇಡಿ, ರಾಜ ಎರಡೂ ಇಡಿ, ಬೇರೆ ಎಲ್ಲಾ ತೆಗೆದುಬಿಡಿ. ಕಾರೋ-ಕಾನ್‌ನಲ್ಲಿ ಮೂರನೇ ನಡೆಗೆ ಬಿಳಿ ಏನು ಮಾಡತ್ತೆ ಅನ್ನೋದರ ಮೇಲೆ ಮೂರು ಮುಖ್ಯ ಚಿತ್ರ ಬರತ್ತೆ, ಇ4 ಪಾನ್ ಮುಂದಕ್ಕೆ ತಳ್ಳಿದ್ರೆ ಒಂದು, ಅದರಿಂದ ಡಿ5 ಹೊಡೆದ್ರೆ ಒಂದು, ಅಲ್ಲೇ ಬಿಟ್ಟು ಕುದುರೆ ತಂದ್ರೆ ಒಂದು. ಪ್ರತಿ ಚಿತ್ರಕ್ಕೂ ಮೂರೇ ಪ್ರಶ್ನೆ: ನನ್ನ ಪಾನ್ ಯಾವುದನ್ನ ತಳ್ಳಿ ಇವರ ಸೆಂಟರ್ ಒಡೀಬೇಕು, ನನ್ನ ಯಾವ ಕಾಯಿಗೆ ಮನೆ ಇಲ್ಲ, ಎಲ್ಲಾ ಕಾಯಿ ಬದಲಾಗಿ ಎಂಡ್‌ಗೇಮ್ ಬಂದ್ರೆ ಯಾರಿಗೆ ಒಳ್ಳೇದು. ಈ ಮೂರಕ್ಕೆ ಉತ್ತರ ಗೊತ್ತಿದ್ರೆ ಎದುರಿನವರು ಎಂಥ ವಿಚಿತ್ರ ನಡೆ ಆಡಿದ್ರೂ ನೀವು ಪೂರ್ತಿ ಕತ್ತಲಲ್ಲಿ ಇರಲ್ಲ.

ತಳ್ಳಿದ್ರೆ, ಅಂದ್ರೆ ಅಡ್ವಾನ್ಸ್

3. ಇ5. ಕ್ಲಬ್ ಲೆವೆಲ್‌ನಲ್ಲಿ ಜಾಸ್ತಿ ಎದುರಾಗೋದು ಇದೇ, ಅದಕ್ಕೇ ಅರ್ಧ ಸಮಯ ಇದಕ್ಕೇ ಕೊಡಿ. ಬಿಳಿ ಪಾನ್‌ಗಳು ಡಿ4, ಇ5. ನಮ್ಮದು ಸಿ6, ಡಿ5, ಸ್ವಲ್ಪ ಹೊತ್ತಲ್ಲಿ ಇ6. ನಮ್ಮ ಉತ್ತರ 3. ಬಿಷಪ್ ಎಫ್5, ಇ6 ಆಡೋಕೆ ಮುಂಚೆ ಬಿಷಪ್ ಹೊರಗೆ ಬಂದಿರ್ಬೇಕು, ಇಲ್ಲಾಂದ್ರೆ ಫ್ರೆಂಚ್ ಆಡೋರು ನಮ್ಮನ್ನ ನೋಡಿ ನಗ್ತಾರೆ. ಸೆಂಟರ್ ಒಡೆಯೋ ಪಾನ್ ಸಿ5. ಮನೆ ಇಲ್ಲದ ಕಾಯಿ ಜಿ8 ಕುದುರೆ, ಯಾಕಂದ್ರೆ ಎಫ್6ನ ಬಿಳಿಯ ಇ5 ಪಾನ್ ಕಾಯ್ತಾ ಇದೆ. ಅದು ಇ7ಗೆ ಬಂದು ಅಲ್ಲಿಂದ ಎಫ್5ಗೋ ಜಿ6ಗೋ ಕೆಲವೊಮ್ಮೆ ಸಿ8ಗೋ ಹೋಗ್ಬೇಕು, ಆದ್ರೆ ಇ7ನಲ್ಲಿ ಕೂತಷ್ಟು ಹೊತ್ತು ಎಫ್8 ಬಿಷಪ್ ದಾರಿ ಬಂದ್, ಅದನ್ನ ಮರೀಬೇಡಿ.

ಶಾಂತವಾಗಿ ಆಡೋರು 4. ಕುದುರೆ ಎಫ್3 ಇ6 5. ಬಿಷಪ್ ಇ2 ಅಂತ ಬರ್ತಾರೆ, ಇಂಗ್ಲೆಂಡಿನ ಗ್ರಾಂಡ್‌ಮಾಸ್ಟರ್ ನೈಜಲ್ ಶಾರ್ಟ್ ಹೆಸರಲ್ಲಿರೋ ಲೈನು. ತಕ್ಷಣ ಸಿ5 ಆಡ್ಬಹುದು, ಅಥವಾ ಕುದುರೆ ಡಿ7, ಕುದುರೆ ಇ7 ಮಾಡ್ಕೊಂಡು ಆಮೇಲೆ ಸಿ5. ಹೊಸಬರಿಗೆ ಎರಡನೇದು ಸಲೀಸು. ಬಿಳಿ ಕುದುರೆ ಎಚ್4ಗೆ ಬಂದು ನಮ್ಮ ಬಿಷಪ್ ಹಿಂದೆ ಬಿದ್ರೆ ಗಾಬರಿ ಬೇಡ, ಜಿ6ಗೆ ಸರಿದು ನಿಂತ್ಕೊಳಿ, ಅಲ್ಲಿ ಹೊಡೆದ್ರೆ ಎಚ್ ಪಾನ್‌ನಲ್ಲಿ ವಾಪಸ್ ಹೊಡೆದು ಎಚ್ ಫೈಲ್, ಅಂದ್ರೆ ಎಚ್1ರಿಂದ ಎಚ್8ರ ಉದ್ದ ಸಾಲು, ನಮ್ಮ ಆನೆಗೆ ತೆರೆದುಕೊಳ್ಳತ್ತೆ.

ಗಲಾಟೆ ಮಾಡೋರು 4. ಎಚ್4 ಆಡ್ತಾರೆ. ನೋಡೋಕೆ ಏನೋ ಸುಮ್ನೆ ತಳ್ಳಿದ ಹಾಗಿದೆ, ಆದ್ರೆ ಇಲ್ಲಿ ಯೋಚನೆ ಮಾಡದೆ ರೂಢಿ ಮೇಲೆ ಇ6 ಆಡಿದ್ರೆ ಬಿಷಪ್ ಹೋಯ್ತು. ಬೋರ್ಡ್ ಮೇಲೆ ಇಟ್ಟು ನೋಡಿ: 4. ಎಚ್4 ಇ6 5. ಜಿ4, ಬಿಷಪ್ ಇ4ಗೆ ಹೋದ್ರೆ 6. ಎಫ್3, ವಾಪಸ್ ಜಿ6ಗೆ ಬಂದ್ರೆ 7. ಎಚ್5, ಈಗ ಎಫ್5ನ ಜಿ ಪಾನ್ ಕಾಯ್ತಿದೆ, ಇ4ನ ಎಫ್ ಪಾನ್ ಕಾಯ್ತಿದೆ, ಡಿ3ಗೆ ಹೋದ್ರೂ ಹೊಡಿತಾರೆ, ಸಿ2 ಪಾನ್ ಒಂದು ಹೊಡ್ಕೊಂಡು ಸಾಯ್ಬೇಕು ಅಷ್ಟೇ. ಇ6 ಪಾನ್ ಇಲ್ದಿದ್ರೆ ಬಿಷಪ್ ಡಿ7ಗೋ ಸಿ8ಗೋ ವಾಪಸ್ ಓಡ್ತಿತ್ತು, ಆ ಬಾಗಿಲನ್ನ ನಾವೇ ಹಾಕಿರ್ತೀವಿ. ಅದಕ್ಕೇ 4. ಎಚ್4ಗೆ ಉತ್ತರ ಎಚ್5. ಆಗ ಜಿ4 ಅಷ್ಟು ಸುಲಭಕ್ಕೆ ಬರಲ್ಲ. ಆಮೇಲೆ 5. ಸಿ4 ಇ6, ನಿಧಾನಕ್ಕೆ ಮುಂದಕ್ಕೆ ಹೋಗಿ.

4. ಕುದುರೆ ಸಿ3 ಇ6 5. ಜಿ4 ಬಿಷಪ್ ಜಿ6 6. ಕುದುರೆ ಜಿ-ಇ2 (ಜಿ1 ಕುದುರೆ ಇ2ಗೆ) ಅನ್ನೋದು ಇನ್ನೂ ಜೋರು. ಮುಂದೆ ಕುದುರೆ ಎಫ್4, ಎಚ್4, ಎಚ್5 ಅಂತ ಬರ್ತಾನೇ ಇರ್ತಾರೆ. ಇಲ್ಲಿ ಕೂತು ಡಿಫೆಂಡ್ ಮಾಡ್ತಾ ಹೋದ್ರೆ ಕಷ್ಟ, ಅವರು ರಾಜನ ಕಡೆ ಪಾನ್‌ಗಳನ್ನೆಲ್ಲಾ ತಳ್ಳಿ ತಮ್ಮ ರಾಜನಿಗೇ ಮನೆ ಇಲ್ಲದ ಹಾಗೆ ಮಾಡ್ಕೊಂಡಿರ್ತಾರೆ, ಆಗಲೇ 6. ಸಿ5 ಅಂತ ಸೆಂಟರ್‌ಗೆ ಹೊಡೀಬೇಕು. ಸೆಂಟರ್ ತೆರೆದುಕೊಂಡಷ್ಟೂ ಅವರಿಗೇ ಚಳಿ.

ಇದೆಲ್ಲಾ ಬೇಡ ಅನ್ನೋರಿಗೆ 3. ಸಿ5 ಅಂತ ಇನ್ನೊಂದು ದಾರಿ ಇದೆ, ಬಿಷಪ್ ತರೋಕೆ ಮುಂಚೆನೇ ಸೆಂಟರ್‌ಗೆ ಹೊಡೆಯೋದು. 1961ರ ರಿಟರ್ನ್ ಮ್ಯಾಚ್‌ನಲ್ಲಿ ಬಾಟ್ವಿನ್ನಿಕ್ ಇದನ್ನ ಆಗಿನ ವಿಶ್ವ ಚಾಂಪಿಯನ್ ಟಾಲ್ ವಿರುದ್ಧ ಆಡಿದ್ರು, ಆ ಮ್ಯಾಚ್ ಗೆದ್ದು ಪಟ್ಟ ವಾಪಸ್ ತಗೊಂಡ್ರು. ಬಿಳಿ 4. ಡಿ ಪಾನ್‌ನಿಂದ ಸಿ5 ಹೊಡೆದ್ರೆ ಇ6 ಆಡಿ ಪಾನ್ ವಾಪಸ್ ಪಡೆಯೋ ಆಟ. ಥಿಯರಿ ಕಮ್ಮಿ, ಆದ್ರೆ ಸಿ8 ಬಿಷಪ್ ಮತ್ತೆ ಒಳಗೆ. ನನಗೆ ಎಫ್5ನೇ ಇಷ್ಟ.

ಹೊಡೆದ್ರೆ, ಅಂದ್ರೆ ಎಕ್ಸ್‌ಚೇಂಜ್ ಮತ್ತೆ ಪಾನೋವ್

3. ಇ ಪಾನ್‌ನಿಂದ ಡಿ5 ಹೊಡಿತಾರೆ, ನಾವು ಸಿ ಪಾನ್‌ನಿಂದ ವಾಪಸ್ ಹೊಡಿತೀವಿ. ಇಲ್ಲಿಂದ ಎರಡು ಬೇರೆ ಬೇರೆ ಆಟ ಹುಟ್ಟತ್ತೆ, ಎರಡನ್ನೂ ಒಂದೇ ಅಂದ್ಕೊಂಡು ಹೋದ್ರೆ ಎಡವಟ್ಟಾಗತ್ತೆ.

4. ಬಿಷಪ್ ಡಿ3 ಆಡಿದ್ರೆ ಅದು ಎಕ್ಸ್‌ಚೇಂಜ್. ಎಫ್5ಗೆ ನಮ್ಮ ಬಿಷಪ್ ಬರ್ಬಾರ್ದು ಅಂತ ಅಲ್ಲಿ ಕೂತಿದೆ. ಕುದುರೆ ಸಿ6 5. ಸಿ3 ಕುದುರೆ ಎಫ್6 6. ಬಿಷಪ್ ಎಫ್4 ಬಿಷಪ್ ಜಿ4, ಎಫ್5 ಸಿಗ್ಲಿಲ್ಲ ಅಂದ್ರೆ ಜಿ4, ಒಟ್ಟಲ್ಲಿ ಬಿಷಪ್ ಹೊರಗೆ. 7. ಕ್ವೀನ್ ಬಿ3 ಬಂದು ಬಿ7 ಮೇಲೆ ಕಣ್ಣು ಹಾಕಿದ್ರೆ ಕ್ವೀನ್ ಡಿ7 ಸಾಕು. 1970ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಸೋವಿಯತ್ ಟೀಮ್ ಒಂದು ಕಡೆ, ಉಳಿದ ಜಗತ್ತು ಇನ್ನೊಂದು ಕಡೆ ಅಂತ ನಡೆದ ಮ್ಯಾಚ್‌ನ ಮೊದಲ ರೌಂಡ್‌ನಲ್ಲಿ ಅಮೆರಿಕದ ಫಿಷರ್ ಪೆಟ್ರೋಸಿಯನ್ ವಿರುದ್ಧ ಇದನ್ನೇ ಆಡಿ ಗೆದ್ರು, ಅದಕ್ಕೆ ಇದನ್ನ ಸಪ್ಪೆ ಅಂತ ಕಡೆಗಣಿಸ್ಬೇಡಿ. ಪ್ಲಾನ್ ಏನು? ಬಿಳಿಗೆ ಇ ಫೈಲ್ ಇದೆ, ಇ5ನಲ್ಲಿ ಕುದುರೆ ಕೂರಿಸಿ ರಾಜನ ಕಡೆ ನುಗ್ಗೋ ಆಸೆ. ನಮಗೆ ಸಿ ಫೈಲ್ ಇದೆ, ಕ್ವೀನ್ ಕಡೆ ಬಿ5, ಬಿ4 ಅಂತ ಪಾನ್ ತಳ್ಕೊಂಡು ಹೋಗಿ ಸಿ3ಗೆ ಗುದ್ದೋದು. ಎರಡು ಪಾನ್ ಇಟ್ಕೊಂಡು ಮೂರು ಪಾನ್ ಮೇಲೆ ದಾಳಿ, ಇದಕ್ಕೆ ಮೈನಾರಿಟಿ ಅಟ್ಯಾಕ್ ಅಂತಾರೆ. ಬಿ4 ಆದ್ಮೇಲೆ ಬಿಳಿ ಹೊಡೆದ್ರೂ ಹೊಡೀದೇ ಬಿಟ್ರೂ ಎಲ್ಲೋ ಒಂದು ಪಾನ್ ಒಂಟಿಯಾಗಿ ಉಳಿಯತ್ತೆ, ಉಳಿದ ಗೇಮ್ ಪೂರ್ತಿ ಅದನ್ನ ಹಿಡ್ಕೊಂಡು ಕೂರ್ಬಹುದು. ಈ ಪ್ಲಾನ್ ಗೊತ್ತಿಲ್ದೆ ಸುಮ್ನೆ ಕಾಯಿ ಅತ್ತಿತ್ತ ಆಡ್ಸಿದ್ರೆ ಮಾತ್ರ ಬಿಳಿ ನಿಧಾನಕ್ಕೆ ರಾಜನ ಹತ್ರ ಬಂದುಬಿಡತ್ತೆ.

4. ಸಿ4 ಆಡಿದ್ರೆ ಪಾನೋವ್, ಆಟದ ಬಣ್ಣಾನೇ ಬೇರೆ. ಕುದುರೆ ಎಫ್6 5. ಕುದುರೆ ಸಿ3 ಇ6 6. ಕುದುರೆ ಎಫ್3 ಬಿಷಪ್ ಬಿ4 ಅಥವಾ ಇ7, ಎರಡೂ ಓಕೆ. ಸಾಮಾನ್ಯವಾಗಿ ಡಿ5ನಲ್ಲಿ ಹೊಡೆದಾಟ ಆಗಿ ಬಿಳಿಯ ಡಿ4 ಪಾನ್ ಒಂಟಿ ಆಗತ್ತೆ, ಸಿ ಪಾನೂ ಇಲ್ಲ ಇ ಪಾನೂ ಇಲ್ಲ, ಕಾಯೋಕೆ ಅಕ್ಕಪಕ್ಕ ಯಾರಿಲ್ಲ. ನಮ್ಮ ಕೆಲಸ ಡಿ5ನಲ್ಲಿ ಒಂದು ಕುದುರೆ ಕೂರಿಸೋದು, ಸಣ್ಣ ಕಾಯಿಗಳನ್ನ ಒಂದೊಂದಾಗಿ ಬದಲಾಯಿಸ್ತಾ ಹೋಗೋದು, ಎಂಡ್‌ಗೇಮ್‌ನಲ್ಲಿ ಆ ಪಾನ್‌ಗೆ ಆನೆ ಹಚ್ಚೋದು. ಬಿಳಿ ಕೆಲಸ ಅದಕ್ಕೆ ಮುಂಚೆನೇ ಅಟ್ಯಾಕ್ ಮಾಡಿ ಮುಗಿಸೋದು, ಇಲ್ಲಾ ಡಿ5 ಅಂತ ಆ ಪಾನನ್ನೇ ಮುಂದಕ್ಕೆ ನೂಕಿ ಲೈನ್ ಎಲ್ಲಾ ತೆರೆಯೋದು. ಹಾಗಾಗಿ ಪ್ರತಿ ನಡೆ ಆಡೋಕೆ ಮುಂಚೆ ಡಿ5 ಮನೆನ ನಾನು ಎಷ್ಟು ಕಾಯಿಂದ ಕಾಯ್ತಿದೀನಿ ಅವರು ಎಷ್ಟರಿಂದ ಅಂತ ಎಣಿಸಿ, ಬೇಜಾರಾಗತ್ತೆ, ಆದ್ರೂ ಎಣಿಸಿ.

ಅಲ್ಲೇ ಬಿಟ್ಟು ಕುದುರೆ ತಂದ್ರೆ

3. ಕುದುರೆ ಸಿ3, ಅಥವಾ ಕುದುರೆ ಡಿ2. ನಾವು ಡಿ ಪಾನ್‌ನಿಂದ ಇ4 ಹೊಡಿತೀವಿ, 4. ಕುದುರೆ ಇ4 ವಾಪಸ್ ಹೊಡಿತಾರೆ. ಇಲ್ಲಿ ಕಪ್ಪಿಗೆ ಮೂರು ದಾರಿ: ಬಿಷಪ್ ಎಫ್5, ಕುದುರೆ ಡಿ7, ಕುದುರೆ ಎಫ್6.

ಬಿಷಪ್ ಎಫ್5 ಹಳೇ ರಾಜಮಾರ್ಗ. 5. ಕುದುರೆ ಜಿ3 ಬಿಷಪ್ ಜಿ6 6. ಎಚ್4 ಎಚ್6, ಬಿಷಪ್‌ಗೆ ಎಚ್7 ಮನೆ ಬೇಕು ಅಂತ ಎಚ್6. 7. ಕುದುರೆ ಎಫ್3 ಕುದುರೆ ಡಿ7 8. ಎಚ್5 ಬಿಷಪ್ ಎಚ್7 9. ಬಿಷಪ್ ಡಿ3, ಬಿಷಪ್ ಬದಲಾವಣೆ, 10. ಕ್ವೀನ್ ಡಿ3. ಗಟ್ಟಿ ಪೊಸಿಷನ್, ನೂರಾರು ಗ್ರಾಂಡ್‌ಮಾಸ್ಟರ್ ಗೇಮ್ ಇದೆ ನೋಡೋಕೆ. ಆದ್ರೆ ಇದರಲ್ಲೊಂದು ಹಳ್ಳ ಇದೆ. ಕೆಲವರು ಡಿ4 ಆಡೋದೇ ಇಲ್ಲ, 2. ಕುದುರೆ ಸಿ3 ಡಿ5 3. ಕುದುರೆ ಎಫ್3 ಅಂತ ಎರಡೂ ಕುದುರೆ ಮೊದಲೇ ತಂದುಬಿಡ್ತಾರೆ, ಇದಕ್ಕೆ ಟೂ ನೈಟ್ಸ್ ಅಂತಾರೆ. ಆಗಲೂ ಅದೇ ರೂಢಿ ಮೇಲೆ ಇ4 ಹೊಡೆದು ಬಿಷಪ್ ಎಫ್5, ಜಿ6, ಎಚ್6 ಎಲ್ಲಾ ಮಾಡಿದ್ರೆ ಬಿಳಿ 7. ಕುದುರೆ ಇ5 ಅಂತ ಹಾರತ್ತೆ. ನಮ್ಮ ಕುದುರೆ ಇನ್ನೂ ಡಿ7ಗೆ ಬಂದಿಲ್ಲ, ತಡೆಯೋಕೆ ಯಾರೂ ಇಲ್ಲ. ಬಿಷಪ್ ಎಚ್7 8. ಕ್ವೀನ್ ಎಚ್5 ಜಿ6 9. ಬಿಷಪ್ ಸಿ4! ಕ್ವೀನ್ ಸುಮ್ನೆ ಬಿಟ್ಟಿದಾರಲ್ಲಾ ಅಂತ ಜಿ ಪಾನ್‌ನಿಂದ ಹೊಡೆದ್ರೆ 10. ಬಿಷಪ್ ಎಫ್7 ಹೊಡೆದು ಮೇಟ್, ಡಿ7ನ ಕುದುರೆ ಕಾಯ್ತಿದೆ, ಎಫ್7ನೂ ಅದೇ ಕುದುರೆ ಕಾಯ್ತಿದೆ, ಉಳಿದ ಕಡೆ ನಮ್ಮ ಕಾಯಿಗಳೇ ತುಂಬ್ಕೊಂಡಿವೆ. ಹೊಡೀದೆ 9. ಇ6 ಆಡಿ ಉಳಿದ್ರೂ ನೆಮ್ಮದಿ ಇಲ್ಲ. ಹಾಗಾಗಿ ಬಿಷಪ್ ಎಫ್5 ಆಡೋರು ಟೂ ನೈಟ್ಸ್‌ಗೆ ಬೇರೆ ಉತ್ತರ ಇಟ್ಕೊಂಡಿರ್ಬೇಕು, 3. ಬಿಷಪ್ ಜಿ4 4. ಎಚ್3 ಬಿಷಪ್ ಎಫ್3 ಹೊಡೆದು 5. ಕ್ವೀನ್ ಎಫ್3 ಇ6, ಬಿಷಪ್ ಕೊಟ್ರೂ ಗೋಡೆ ಥರ ಪೊಸಿಷನ್ ಸಿಗತ್ತೆ.

ಕುದುರೆ ಡಿ7 ಕಾರ್ಪೋವ್ ಇಷ್ಟಪಟ್ಟ ದಾರಿ. ಇದರಲ್ಲಿ ಒಂದು ಪ್ರಸಿದ್ಧ ಗುಂಡಿ: 5. ಕ್ವೀನ್ ಇ2 ಆಡಿದ್ರೆ ಜಿ8 ಕುದುರೆನ ಎಫ್6ಗೆ ತಂದ್ರೋ 6. ಕುದುರೆ ಡಿ6 ಮೇಟ್, ಇ7 ಪಾನ್ ಕ್ವೀನ್ ಎದುರಿಗೆ ಪಿನ್ ಆಗಿರೋದ್ರಿಂದ (ಸರಿದ್ರೆ ರಾಜನಿಗೇ ಚೆಕ್) ಹೊಡೆಯೋಕಾಗಲ್ಲ. ಆರನೇ ನಡೆಗೆ ಮನೆಗೆ.

ಇನ್ನೊಂದು ಇನ್ನೂ ಪ್ರಸಿದ್ಧ, ಅದನ್ನ ಸ್ವಲ್ಪ ನಿಧಾನಕ್ಕೆ ನೋಡೋಣ. 1997ರ ಮೇ 11, ನ್ಯೂಯಾರ್ಕ್, ಆಗಿನ ವಿಶ್ವ ಚಾಂಪಿಯನ್ ಕಾಸ್ಪರೋವ್ (ಕಪ್ಪು) ಮತ್ತೆ ಐಬಿಎಂ ಕಂಪ್ಯೂಟರ್ ಡೀಪ್ ಬ್ಲೂ, ಆರನೇ ಗೇಮ್, ಕೊನೇದು. ಮ್ಯಾಚ್ ಸಮ ಇತ್ತು. 4. ಕುದುರೆ ಡಿ7 5. ಕುದುರೆ ಜಿ5 ಕುದುರೆ ಎಫ್6 6. ಬಿಷಪ್ ಡಿ3 ಇ6 7. ಇನ್ನೊಂದು ಕುದುರೆ ಎಫ್3. ಈಗ ರೂಢಿ ಕ್ರಮ ಏನಂದ್ರೆ ಮೊದಲು ಬಿಷಪ್ ಡಿ6, 8. ಕ್ವೀನ್ ಇ2 ಆದ್ಮೇಲೆ ಎಚ್6 ಅಂತ ಕುದುರೆನ ಕೇಳೋದು, 9. ಕುದುರೆ ಇ4 ಅಂತ ಹಿಂದಕ್ಕೆ ಹೋಗತ್ತೆ. ಕಾಸ್ಪರೋವ್ 7ನೇ ನಡೆಗೇ ಎಚ್6 ಆಡಿದ್ರು. ಅವೇ ನಡೆಗಳು, ಕ್ರಮ ಒಂದು ಹಿಂದುಮುಂದು. ಡೀಪ್ ಬ್ಲೂ 8. ಕುದುರೆ ಇ6 ಅಂತ ಪಾನ್ ಹೊಡೆದು ಕುದುರೆ ಕೊಟ್ಬಿಡ್ತು. 8. ಕ್ವೀನ್ ಇ7 9. ಕ್ಯಾಸ್ಲಿಂಗ್, ಎಫ್ ಪಾನ್‌ನಿಂದ ಕುದುರೆ ಹೊಡೆದ್ರು, 10. ಬಿಷಪ್ ಜಿ6 ಚೆಕ್, ರಾಜ ಡಿ8. ಈ ಪೊಸಿಷನ್ ಬೋರ್ಡ್ ಮೇಲೆ ಇಟ್ಟು ಕಪ್ಪು ಕಡೆಯಿಂದ ನೋಡಿ. ಎಫ್8 ಬಿಷಪ್ ಹೊರಗೆ ಬರೋಕೆ ಕ್ವೀನ್ ಅಡ್ಡ, ಸಿ8 ಬಿಷಪ್‌ಗೆ ಡಿ7 ಕುದುರೆ ಅಡ್ಡ, ಎ8 ಆನೆ ಅಲ್ಲೇ ಮೂಲೇಲಿ, ರಾಜ ಬೋರ್ಡ್ ಮಧ್ಯೆ. ಒಂದು ಕುದುರೆ ಜಾಸ್ತಿ ಇದೆ ನಿಜ, ಆದ್ರೆ ಆಡೋಕೆ ಕಾಯಿನೇ ಇಲ್ಲ. 19ನೇ ನಡೆ ಸಿ4 ನೋಡಿ ಕಾಸ್ಪರೋವ್ ರಿಸೈನ್ ಮಾಡಿದ್ರು, ಮ್ಯಾಚ್ ಮೂರೂವರೆ-ಎರಡೂವರೆಗೆ ಹೋಯ್ತು. ಬಿಷಪ್ ಮೊದಲೇ ಡಿ6ಗೆ ಬಂದಿದ್ರೆ ರಾಜನಿಗೆ ಇ7, ಅಲ್ಲಿಂದ ಎಫ್8 ಅಂತ ಓಡೋಕೆ ದಾರಿ ಇರ್ತಿತ್ತು. ಆ ಸ್ಯಾಕ್ರಿಫೈಸ್ ಹೊಸದೇನಲ್ಲ, ಥಿಯರಿಲಿ ಮೊದಲೇ ಇತ್ತು. ನೀವು ಓಪನಿಂಗ್ ಟಿಪ್ಪಣಿಗಳ ಫೈಲ್ ಮಾಡ್ಕೊಳ್ಳುವಾಗ ಪ್ರತಿ ನಡೆ ಪಕ್ಕ ಇದನ್ನ ಈಗಲೇ ಯಾಕೆ, ಮುಂದಿನದ್ದು ಮೊದಲು ಆಡಿದ್ರೆ ಏನಾಗತ್ತೆ ಅಂತ ಒಂದು ಸಾಲು ಬರ್ಕೊಳಿ ಅಂತ ನಾನು ಹೇಳೋದು ಇಂಥದ್ದಕ್ಕೇ.

ಸಮಯ ಕಮ್ಮಿ ಇರೋರಿಗೆ ನನ್ನ ಆಯ್ಕೆ ಮೂರನೇದು. 4. ಕುದುರೆ ಎಫ್6, ಬಿಳಿ 5. ಕುದುರೆಯಿಂದ ಎಫ್6 ಹೊಡೆದು ಚೆಕ್ ಕೊಡತ್ತೆ, ನಾವು ಇ ಪಾನ್‌ನಿಂದ ವಾಪಸ್ ಹೊಡಿತೀವಿ. ಇದು ಟಾರ್ಟಕೋವರ್. ಎಫ್ ಫೈಲ್‌ನಲ್ಲಿ ಒಂದರ ಹಿಂದೊಂದು ಎರಡು ಪಾನ್, ನೋಡೋಕೆ ಚೆನ್ನಾಗಿಲ್ಲ, ಹಿಂದೆಲ್ಲಾ ಇದನ್ನ ಮೂಸಿ ನೋಡ್ತಿರ್ಲಿಲ್ಲ, ಈಗ ದೊಡ್ಡ ದೊಡ್ಡ ಆಟಗಾರರೇ ಆಡ್ತಿದಾರೆ. ಅನುಕೂಲ ಏನಪ್ಪಾ ಅಂದ್ರೆ ಸೆಟಪ್ ಹೆಚ್ಚೂಕಮ್ಮಿ ಪ್ರತಿ ಸಲ ಒಂದೇ: ಬಿಷಪ್ ಡಿ6, ಕ್ಯಾಸ್ಲಿಂಗ್, ಆನೆ ಇ8, ಕುದುರೆ ಡಿ7, ಅಲ್ಲಿಂದ ಎಫ್8. ಇ ಫೈಲ್ ನಮಗೆ ತೆರೆದಿದೆ, ರಾಜನ ಮುಂದೆ ಒಂದು ಪಾನ್ ಎಕ್ಸ್‌ಟ್ರಾ. ಬಿಳಿ ಸಾಮಾನ್ಯವಾಗಿ 6. ಸಿ3 ಬಿಷಪ್ ಡಿ6 7. ಬಿಷಪ್ ಡಿ3 ಕ್ಯಾಸ್ಲಿಂಗ್ 8. ಕ್ವೀನ್ ಸಿ2 ಅಂತ ಎಚ್7 ಮೇಲೆ ಗುರಿ ಇಡತ್ತೆ, ಎಚ್7 ಕಾಪಾಡೋಕೆ ಓಡ್ಬೇಡಿ, ಮೊದಲು ಆನೆ ಇ8 ಚೆಕ್, 9. ಕುದುರೆ ಇ2, ಈಗ ಎಚ್5! ಪಾನೂ ಉಳೀತು, ಮುಂದೆ ಎಚ್4 ಅಂತ ನೂಕಿ ಅವರ ರಾಜನ ಕಡೆ ಕಿರಿಕಿರಿ ಶುರು ಮಾಡೋಕೂ ಆಯ್ತು. 5ನೇ ನಡೆಗೆ ಹೊಡೀದೆ ಕುದುರೆ ಜಿ3ಗೆ ಹೋದ್ರೂ ಎಚ್5 ಆಡಿ ಆ ಕುದುರೆನ ಕಾಡಿಸ್ಬಹುದು. ಮೇಲೆ ಹೇಳಿದ ಟೂ ನೈಟ್ಸ್ ಇದೆಯಲ್ಲಾ, ಅಲ್ಲೂ ಇ4 ಹೊಡೆದು ಕುದುರೆ ಎಫ್6 ಅಂತ ಇದನ್ನೇ ಆಡ್ಬಹುದು, ಬೇರೆ ಉತ್ತರ ಕಲಿಯೋ ಗೋಜಿಲ್ಲ, ನನಗೆ ಇದು ಇಷ್ಟ ಆಗೋಕೆ ಅರ್ಧ ಕಾರಣ ಅದೇ.

ಆದ್ರೆ ಎಂಡ್‌ಗೇಮ್ ಪ್ರಶ್ನೆ ಕೇಳ್ಕೊಳಿ. ಬಿಳಿಗೆ ಕ್ವೀನ್ ಕಡೆ ಎ, ಬಿ, ಸಿ, ಡಿ ನಾಲ್ಕು ಪಾನ್, ನಮಗೆ ಮೂರು. ರಾಜನ ಕಡೆ ನಮಗೆ ನಾಲ್ಕು, ಅವರಿಗೆ ಮೂರು ಇದೆ, ಆದ್ರೆ ಎರಡು ಒಂದರ ಹಿಂದೊಂದು ಇರೋದ್ರಿಂದ ಪಾಸ್ಡ್ ಪಾನ್ (ಎದುರಿನ ಯಾವ ಪಾನೂ ತಡೆಯೋಕಾಗದ ಪಾನ್) ಮಾಡೋಕೆ ಸುಲಭಕ್ಕೆ ಆಗಲ್ಲ, ಅವರಿಗೆ ಆಗತ್ತೆ. ಎಲ್ಲಾ ಕಾಯಿ ಹೋಗಿ ಬರೀ ಪಾನ್ ಉಳಿದ್ರೆ ನಮ್ಮ ಕಥೆ ಸಾಮಾನ್ಯವಾಗಿ ಮುಗೀತು. ಪಾನೋವ್‌ನಲ್ಲಿ ಕಾಯಿ ಬದಲಾಯಿಸಿ ಅಂದೆ, ಇಲ್ಲಿ ಎದುರಿನವರು ಬದಲಾವಣೆಗೆ ಕೈ ಚಾಚಿದಾಗಲೆಲ್ಲಾ ಸ್ವಲ್ಪ ಅನುಮಾನ ಪಡಿ. ಒಂದೇ ಓಪನಿಂಗ್‌ನಲ್ಲಿ ಎರಡು ಚಿತ್ರಕ್ಕೆ ಎರಡು ಉಲ್ಟಾ ಸಲಹೆ, ಬರೀ ನಡೆ ಉರು ಹೊಡೆದೋರಿಗೆ ಇದು ಗೊತ್ತೇ ಆಗಲ್ಲ.

ಚಿಲ್ಲರೆ ಲೈನ್‌ಗಳು

3. ಎಫ್3, ಫ್ಯಾಂಟಸಿ ಅಂತಾರೆ. ಇ4 ಹೊಡೆದು 4. ಎಫ್ ಪಾನ್ ವಾಪಸ್ ಹೊಡೆದ್ಮೇಲೆ ಇ5. ಈಗ ಬಿಳಿ ಆಸೆಪಟ್ಟು ಡಿ ಪಾನ್‌ನಿಂದ ಇ5 ಹೊಡೆದ್ರೆ ಕ್ವೀನ್ ಎಚ್4 ಚೆಕ್, 6. ಜಿ3 ಅಡ್ಡ ಇಟ್ರೆ ಕ್ವೀನ್ ಇ4 ಹೊಡೆದು ಮತ್ತೆ ಚೆಕ್, ಜೊತೆಗೆ ಎಚ್1 ಆನೆ ಮೇಲೂ ಕಣ್ಣು. ಗೊತ್ತಿರೋರು 5. ಕುದುರೆ ಎಫ್3 ಆಡ್ತಾರೆ, ಆಗ ಬಿಷಪ್ ಜಿ4. 2. ಬಿಷಪ್ ಸಿ4 ಆಡೋರಿಗೆ ಡಿ5, ಅವರು ಹೊಡಿತಾರೆ, ನಾವು ಸಿ ಪಾನ್‌ನಿಂದ ವಾಪಸ್ ಹೊಡೆದಾಗ ಬಿಷಪ್ ಮತ್ತೆ ಓಡ್ಬೇಕು, ಒಂದು ನಡೆ ಪುಕ್ಕಟೆ. ಡಿ4ಗೆ ಏನು ಮಾಡ್ಲಿ ಅಂದ್ರೆ ಡಿ5, 2. ಸಿ4 ಸಿ6, ಸ್ಲಾವ್ ಅಂತಾರೆ, ಅದೇ ಸಿ6-ಡಿ5 ಗೋಡೆ ಅಲ್ಲೂ ಇರೋದ್ರಿಂದ ಕೆಲವು ಐಡಿಯಾಗಳು ಅಲ್ಲಿಗೂ ಆಗತ್ತೆ.

ಅಭ್ಯಾಸ

ಲೀಚೆಸ್ ವೆಬ್‌ಸೈಟ್‌ನಲ್ಲಿ ಸ್ಟಡಿ ಅಂತ ಒಂದು ಸೌಲಭ್ಯ ಇದೆ, ಫ್ರೀ, ಅದರಲ್ಲಿ ಒಂದೊಂದು ವೇರಿಯೇಷನ್‌ಗೆ ಒಂದೊಂದು ಚಾಪ್ಟರ್ ಮಾಡಿ, ಹತ್ತು ನಡೆಗಿಂತ ಉದ್ದ ಹೋಗ್ಬೇಡಿ. ನಡೆಗಿಂತ ಪಕ್ಕದ ಟಿಪ್ಪಣಿ ಜಾಸ್ತಿ ಇರ್ಬೇಕು, ಅದೂ ನಿಮ್ಮದೇ ಮಾತಲ್ಲಿ. ಎಂಜಿನ್, ಅಂದ್ರೆ ಪೊಸಿಷನ್ ಲೆಕ್ಕ ಹಾಕೋ ಕಂಪ್ಯೂಟರ್ ಪ್ರೋಗ್ರಾಂ, ಸೊನ್ನೆ ಪಾಯಿಂಟ್ ಎಷ್ಟೋ ಅಂತ ತೋರಿಸೋ ನಂಬರ್ ಕಾಪಿ ಮಾಡಿಟ್ಕೊಂಡ್ರೆ ಬೋರ್ಡ್ ಮುಂದೆ ಏನೂ ಉಪಯೋಗ ಇಲ್ಲ. ಆಮೇಲೆ ಕೆಲವೇ ನಿಮಿಷದ ಬ್ಲಿಟ್ಸ್ ಬೇಡ, ಹದಿನೈದು ನಿಮಿಷ ಜೊತೆಗೆ ನಡೆಗೆ ಹತ್ತು ಸೆಕೆಂಡ್ ಥರ ಟೈಮ್ ಕಂಟ್ರೋಲ್‌ನಲ್ಲಿ ಆಡಿ, ಯೋಚನೆ ಮಾಡೋಕೆ ಸಮಯ ಇರ್ಬೇಕು. ಪ್ರತಿ ಗೇಮ್ ಮುಗಿದ್ಮೇಲೆ ಮೊದಲು ಎಲ್ಲಿ ನನಗೆ ಗೊತ್ತಿರೋದು ಮುಗೀತು ಅನ್ನೋ ನಡೆ ಹುಡುಕಿ, ಫೈಲ್‌ನಲ್ಲಿ ಆ ಒಂದೇ ನಡೆ ಸೇರಿಸಿ. ಹೀಗೆ ಬೆಳೆದ ಫೈಲು ನಿಮಗೆ ನಿಜವಾಗ್ಲೂ ಎದುರಾಗೋ ನಡೆಗಳದ್ದೇ ಆಗಿರತ್ತೆ. ಜೊತೆಗೆ ಕಾರ್ಪೋವ್, ಪೆಟ್ರೋಸಿಯನ್ ಕಪ್ಪಲ್ಲಿ ಆಡಿದ ಪೂರ್ತಿ ಗೇಮ್‌ಗಳನ್ನ ಕೊನೆ ತನಕ ಬೋರ್ಡ್ ಮೇಲೆ ಆಡಿ ನೋಡಿ, ಓಪನಿಂಗ್ ಭಾಗ ನೋಡಿ ಬಿಟ್ಟುಬಿಡೋದಲ್ಲ.

ಟೂರ್ನಮೆಂಟ್ ದಿನ

ಯಾರಿಗೆ ಯಾರು ಎದುರಾಳಿ ಅನ್ನೋ ಪೇರಿಂಗ್ ಬಂದ್ಮೇಲೆ ಎದುರಾಳಿ ಹಳೇ ಗೇಮ್ ಸಿಕ್ರೆ ನೋಡಿ, ಇ4 ಆಡ್ತಾರಾ, ಮೂರನೇ ನಡೆ ಏನು ಆಡ್ತಾರೆ, ಅಷ್ಟು ಸಾಕು. ಅವರಿಗೋಸ್ಕರ ಹಿಂದಿನ ರಾತ್ರಿ ಹೊಸ ಓಪನಿಂಗ್ ಕಲಿಯೋಕೆ ಹೋಗ್ಲೇಬೇಡಿ, ಅವರಿಗೂ ಗೊತ್ತಿಲ್ಲ ನಿಮಗೂ ಗೊತ್ತಿಲ್ಲ ಅನ್ನೋ ಪೊಸಿಷನ್‌ನಲ್ಲಿ ನಿಮಗೇ ಜಾಸ್ತಿ ಸಮಯ ಹೋಗೋದು.

ಬೋರ್ಡ್ ಮುಂದೆ ಗೊತ್ತಿರೋ ನಡೆನೂ ಟಕಟಕ ಅಂತ ಆಡ್ಬೇಡಿ. ಮೇಲೆ ಎಚ್4 ಲೈನ್ ನೋಡಿದ್ರಲ್ಲಾ, ಅಲ್ಲಿ ಬಿಷಪ್ ಹೋಗೋದು ಇ6 ಆಟೋಮ್ಯಾಟಿಕ್ ಆಗಿ ಆಡೋರದ್ದೇ. ಅವರು ಆಡಿದ್ದು ಸ್ಕೋರ್‌ಶೀಟ್‌ನಲ್ಲಿ ಬರ್ಕೊಳಿ, ಆ ಬರೆಯೋ ಎರಡು ಸೆಕೆಂಡಲ್ಲೇ ಇದು ನಾನಂದ್ಕೊಂಡ ನಡೆನೇನಾ ಅಂತ ಕಣ್ಣು ಹಾಯ್ಸಿ. ನಿಮ್ಮ ನಡೆನ ಆಡಿದ್ಮೇಲೆ ಬರೀಬೇಕು, ಆಡೋಕೆ ಮುಂಚೆ ಬರೆಯೋ ಹಾಗಿಲ್ಲ, ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ನಿಯಮ. ಮುಟ್ಟಿದ ಕಾಯಿ ಆಡ್ಲೇಬೇಕು, ಕ್ಯಾಸ್ಲಿಂಗ್ ಮಾಡುವಾಗ ಮೊದಲು ರಾಜನ್ನ ಮುಟ್ಟಿ, ಒಂದೇ ಕೈಯಲ್ಲಿ ಮಾಡಿ, ಆನೆ ಮೊದಲು ಮುಟ್ಟಿದ್ರೆ ಆ ಕಡೆ ಕ್ಯಾಸ್ಲಿಂಗ್ ಹೋಯ್ತು, ಆನೆನೇ ಆಡ್ಬೇಕು. ನಿಯಮಕ್ಕೆ ವಿರುದ್ಧವಾದ ನಡೆ ಆಡಿ ಗಡಿಯಾರ ಒತ್ತಿದ್ರೆ ಕ್ಲಾಸಿಕಲ್ ಗೇಮ್‌ನಲ್ಲಿ ಎದುರಿನವರಿಗೆ ಎರಡು ನಿಮಿಷ ಜಾಸ್ತಿ ಸಿಗತ್ತೆ, ಎರಡನೇ ಸಲ ಆದ್ರೆ ಗೇಮೇ ಹೋಗತ್ತೆ. ಡ್ರಾ ಕೇಳೋದಾದ್ರೆ ನಿಮ್ಮ ನಡೆ ಆಡಿ, ಕೇಳಿ, ಆಮೇಲೆ ಗಡಿಯಾರ ಒತ್ತಿ. ಮೊಬೈಲ್ ಹಾಲ್ ಒಳಗೆ ತರಲೇಬೇಡಿ.

ಪುಸ್ತಕದಲ್ಲಿಲ್ಲದ ನಡೆ ಬಂದ್ರೆ ಅಲ್ಲೇ ಐದು ಹತ್ತು ನಿಮಿಷ ಖರ್ಚು ಮಾಡಿ, ಸಮಯ ಇಟ್ಕೊಂಡಿರೋದೇ ಅದಕ್ಕೆ. ಮೊದಲು ಏನಾದ್ರೂ ಹೊಡಿತಿದಾರಾ ಅಂತ ನೋಡಿ, ಸಿ8 ಬಿಷಪ್ ಹೊರಗೆ ಬಂದಿದ್ರೆ ವಾಪಸ್ ಹೋಗೋ ದಾರಿ ಇದೆಯಾ ನೋಡಿ, ಈ ಓಪನಿಂಗ್‌ನಲ್ಲಿ ಅರ್ಧ ಅಪಾಯ ಅದರ ಸುತ್ತಾನೇ. ಆಮೇಲೆ ಪಾನ್ ಯಾವ ಚಿತ್ರದ ಹತ್ರ ಇದೆ ನೋಡಿ, ಇ5 ತಳ್ಳಿದ್ರೆ ಸಿ5 ಯಾವಾಗ ಬರತ್ತೆ, ಹೊಡೆದ್ರೆ ಸಿ ಫೈಲ್‌ಗೆ ಆನೆ ಯಾವಾಗ ಬರತ್ತೆ, ಇ ಫೈಲ್ ತೆರೆದಿದ್ರೆ ಇ8ಗೆ ಆನೆ ಹೋಯ್ತಾ. ಇದರಲ್ಲಿ ಯಾವುದೋ ಒಂದು ನಡೆ ಆ ಹೊತ್ತಿಗೆ ಸರಿ ಹೊಂದತ್ತೆ, ಅದನ್ನ ಆಡಿ ಗಡಿಯಾರ ಒತ್ತಿ.

ಗೇಮ್ ಆದ್ಮೇಲೆ ಎದುರಾಳಿ ಒಪ್ಪಿದ್ರೆ ಜೊತೆಗೆ ಕೂತು ಒಂದ್ಸಲ ನಡೆಗಳನ್ನ ನೋಡಿ, ಏನು ನೋಡಿ ಹೆದರಿದ್ರಿ ಅಂತ ಕೇಳಿ. ಎಂಜಿನ್‌ನ ರಾತ್ರಿ ಆನ್ ಮಾಡಿದ್ರೆ ಸಾಕು.